‘ಜಯ ಹೇ’ ಬಂದಾಗ ಗಂಟಲು ಯಾಕೆ ಕೈಕೊಡುತ್ತದೆ?

ಶಾಲೆಯ ಪ್ರಾರ್ಥನೆಯಲ್ಲಿ ಸಾಲಾಗಿ ನಿಂತಿದ್ದವರಿಗೆಲ್ಲ ಇದು ಗೊತ್ತು. ‘ಜನ ಗಣ ಮನ’ ಶುರುವಾಗುತ್ತದೆ. ಮೊದಲ ಸಾಲುಗಳು ಸಲೀಸಾಗಿ ಹೋಗುತ್ತವೆ. ಕೊನೆಗೆ ‘ಜಯ ಹೇ’ ಬಂತು ನೋಡಿ, ಗುಂಪು ಒಡೆಯುತ್ತದೆ. ಕೆಲವರು ಕತ್ತಿನ ನರ ಉಬ್ಬಿಸಿಕೊಂಡು ಕೂಗುತ್ತಾರೆ. ಕೆಲವರು ಮೆಲ್ಲಗೆ ಕೆಳಗಿನ ಸ್ಥಾಯಿಗೆ ಇಳಿದುಬಿಡುತ್ತಾರೆ. ಇನ್ನು ಕೆಲವರು ಬರೀ ತುಟಿ ಆಡಿಸುತ್ತಾರೆ.

ಹೈಸ್ಕೂಲು, ಪಿಯುಸಿ ಮಕ್ಕಳಿಗೆ ಸಮೂಹಗಾನ ಹೇಳಿಕೊಡುವಾಗ ನನ್ನ ಮೊದಲ ಪಾಠ ಇದೇ ಜಾಗದಿಂದ ಶುರುವಾಗುತ್ತದೆ. ‘ನನ್ನ ಗಂಟಲು ಮೇಲೆ ಹೋಗಲ್ಲ ಮಿಸ್’ ಎನ್ನುವ ಮಕ್ಕಳು ಪ್ರತಿ ವರ್ಷ ಇರುತ್ತಾರೆ. ಹೆಚ್ಚಿನ ಸಲ ಅವರ ಗಂಟಲಿಗೆ ಏನೂ ಆಗಿರುವುದಿಲ್ಲ. ಹಾಡನ್ನು ಎಲ್ಲಿಂದ ಶುರು ಮಾಡಿದರು ಅನ್ನುವುದರಲ್ಲಿ ತಪ್ಪಿರುತ್ತದೆ. ಸಂಗೀತದ ಲೆಕ್ಕ ಬೇರೆ, ಗಂಟಲಿನ ಆರೋಗ್ಯ ಬೇರೆ ಎಂದು ನಾವು ಅಂದುಕೊಂಡಿದ್ದೇವೆ. ಗುಂಪಿನಲ್ಲಿ ಹಾಡುವವರಿಗೆ ಎರಡೂ ಒಂದೇ. ಲೆಕ್ಕ ತಪ್ಪಿದರೆ ಅದರ ಏಟು ನೇರವಾಗಿ ಗಂಟಲಿಗೇ ಬೀಳುತ್ತದೆ.

ಲೆಕ್ಕ ಹೀಗಿದೆ. ಒಂದು ‘ಸ’ದಿಂದ ಮುಂದಿನ ‘ಸ’ವರೆಗಿನ ಹರವಿಗೆ ಸ್ಥಾಯಿ ಎನ್ನುತ್ತೇವೆ. ರಾಷ್ಟ್ರಗೀತೆಯ ಮೊದಲ ಅಕ್ಷರ ‘ಜ’ ಇರುವುದು ಮಧ್ಯ ಸ್ಥಾಯಿಯ ‘ಸ’ದಲ್ಲಿ. ಇಡೀ ಹಾಡಿನಲ್ಲಿ ಅತಿ ಎತ್ತರದ ಸ್ವರ ‘ಜಯ ಹೇ’ ಎನ್ನುವಲ್ಲಿ ಬರುವ ಮೇಲಿನ ಸ. ಅತಿ ಕೆಳಗಿನ ಸ್ವರ ‘ಭಾಗ್ಯವಿಧಾತಾ’ದಲ್ಲಿ ಒಂದು ಕ್ಷಣ ಮುಟ್ಟಿ ಬರುವ ಮಂದ್ರದ, ಅಂದರೆ ಕೆಳಗಿನ ಸ್ಥಾಯಿಯ, ನಿ. ಅಂದರೆ ಒಂದು ಸ್ಥಾಯಿ, ಜೊತೆಗೆ ಹಾರ್ಮೋನಿಯಂನ ಒಂದೇ ಒಂದು ಮೆಟ್ಟಿಲು. ಅಷ್ಟೇ. ಯಾವ ತರಬೇತಿ ಇಲ್ಲದವರೂ ಆರಾಮವಾಗಿ ಹಾಡಬಹುದಾದ ಅಳತೆ ಇದು.

ಹಾಗಿದ್ದರೆ ಕಷ್ಟ ಎಲ್ಲಿಂದ ಬಂತು? ಸ್ವರ ಅಂದರೆ ಗಾಳಿಯ ಕಂಪನ. ಒಂದು ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಅನ್ನುವುದೇ ಅದರ ಎತ್ತರ. ಕೆಳಗಿನ ಸದಿಂದ ಮೇಲಿನ ಸಕ್ಕೆ ಹೋದರೆ ಈ ಸಂಖ್ಯೆ ಸರಿಯಾಗಿ ಎರಡರಷ್ಟಾಗುತ್ತದೆ. ಹಾರ್ಮೋನಿಯಂನ ಒಂದನೇ ಮನೆಯಲ್ಲಿ (ಬಿಳಿ ಕೀಲಿಗಳಿಗೆ ಮನೆ ಎನ್ನುತ್ತೇವೆ), ಅಂದರೆ ಸೆಕೆಂಡಿಗೆ 261 ಕಂಪನದ ಸುಮಾರಿನಲ್ಲಿ ‘ಜನ’ ಎಂದು ಶುರು ಮಾಡಿದ ಹುಡುಗಿ ‘ಜಯ ಹೇ’ಗೆ 523 ಮುಟ್ಟಬೇಕು. ಇದು ಆಗುವ ಕೆಲಸ. ಆದರೆ ಪ್ರಾರ್ಥನೆಯಲ್ಲಿ ‘ಸ’ ಎಲ್ಲಿದೆ ಎಂದು ತೋರಿಸುವ ಶ್ರುತಿಪೆಟ್ಟಿಗೆ ಇರುವುದಿಲ್ಲ. ಮುಂದೆ ನಿಂತ ಮಗು ಉತ್ಸಾಹದಲ್ಲಿ ನಾಲ್ಕನೇ ಮನೆಯಿಂದ, ಅಂದರೆ 349ರಿಂದ, ಎತ್ತಿಕೊಂಡಿತು ಅನ್ನಿ. ಶುರುವಿನಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ‘ಜಯ ಹೇ’ ಬರುವಾಗ ಇಡೀ ಶಾಲೆ 698 ಮುಟ್ಟಬೇಕಾಗುತ್ತದೆ. ಅದು ಚೆನ್ನಾಗಿ ಪಳಗಿದ ಎತ್ತರದ ಹೆಣ್ಣು ದನಿಯ ಜಾಗ. ಶುರುವಿನಲ್ಲಿ ಆದ ಸಣ್ಣ ತಪ್ಪು ಮೇಲೆ ಎರಡರಷ್ಟಾಗಿ ಕಾಯುತ್ತಾ ಕೂತಿರುತ್ತದೆ.

ಅದಕ್ಕೇ ನಾನು ಮಕ್ಕಳಿಗೆ ಹೇಳುವ ಮೊದಲ ಅಭ್ಯಾಸ ಇದು. ಯಾವ ಹಾಡೇ ಇರಲಿ, ಶುರು ಮಾಡುವ ಮೊದಲು ಅದರ ಅತಿ ಎತ್ತರದ ಸಾಲನ್ನು ಹುಡುಕಿ. ಅದನ್ನು ಮೆಲ್ಲಗೆ ಹಾಡಿ ನೋಡಿ. ಕತ್ತು ಬಿಗಿಯದೆ, ಗದ್ದ ಮೇಲೆ ಎತ್ತದೆ ಬಂತಾ? ಹಾಗಿದ್ದರೆ ಆ ಶ್ರುತಿ ನಿಮಗೆ ಸರಿ. ಆಮೇಲೆ ಮೊದಲ ಸಾಲಿಗೆ ಬನ್ನಿ.

ಕತ್ತಿನೊಳಗೆ ಏನು ನಡೆಯುತ್ತಿದೆ ಎಂದು ಈಗ ನೋಡೋಣ. ಗಂಟಲಿನ ಉಬ್ಬಿನ ಮೇಲೆ ಬೆರಳಿಟ್ಟು ‘ಮ್‌ಮ್’ ಅನ್ನಿ, ನಡುಗುವುದು ಗೊತ್ತಾಗುತ್ತದೆ. ಅದರ ಹಿಂದೆಯೇ ಎರಡು ಧ್ವನಿತಂತುಗಳಿವೆ. ತಂತು ಎಂಬ ಹೆಸರಿದ್ದರೂ ಅವು ವೀಣೆಯ ತಂತಿಯ ಹಾಗಿಲ್ಲ, ಒದ್ದೆಯಾದ ಎರಡು ಪುಟ್ಟ ಮಡಿಕೆಗಳು. ದೊಡ್ಡವರಲ್ಲೂ ಉದ್ದ ಒಂದೂವರೆ, ಎರಡು ಸೆಂಟಿಮೀಟರಿನ ಆಸುಪಾಸು. ಕೆಳಗಿನಿಂದ ಉಸಿರು ಬಂದಾಗ ಇವು ತೆರೆದು ಮುಚ್ಚಿ ಒಂದಕ್ಕೊಂದು ತಾಗುತ್ತವೆ. 250ರ ಸ್ವರ ಹಾಡಿದರೆ ಸೆಕೆಂಡಿಗೆ 250 ಸಲ. ಒಂದು ಗಂಟೆಯ ಪ್ರಾಕ್ಟೀಸಿನಲ್ಲಿ ನೀವು ನಿಜವಾಗಿ ಹಾಡಿದ್ದು ಅರ್ಧ ಗಂಟೆ ಅಂದುಕೊಳ್ಳಿ. ಆದರೂ ನಾಲ್ಕೂವರೆ ಲಕ್ಷ ಸಲ ತಾಗಿದ ಹಾಗಾಯಿತು. ಮೆತ್ತಗೆ ತಾಗಿದರೆ ಏನೂ ಆಗುವುದಿಲ್ಲ, ಅವು ಇರುವುದೇ ಅದಕ್ಕೆ. ಜೋರಾಗಿ, ಬಿಗಿಯಾಗಿ, ದಿನವೂ ಬಡಿದುಕೊಂಡರೆ ಮೊದಲು ಊದಿಕೊಳ್ಳುತ್ತವೆ. ಹಾಗೇ ಬಿಟ್ಟರೆ ಗುದ್ದಲಿ ಹಿಡಿದ ಕೈ ಜಡ್ಡುಗಟ್ಟುವ ಹಾಗೆ ಅಲ್ಲಿ ಸಣ್ಣ ಗಂಟುಗಳಾಗುತ್ತವೆ.

ಈ ಮಡಿಕೆಗಳು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಹಾಡುವಾಗ ಅವು ಹೇಗೆ ಕೆಲಸ ಮಾಡುತ್ತವೆ ಎಂದು 1854ರಲ್ಲಿ ಕಂಡು ವಿವರವಾಗಿ ಹೇಳಿದವರು ಡಾಕ್ಟರ್ ಅಲ್ಲ, ಮಾನ್ಯುವೆಲ್ ಗಾರ್ಸಿಯಾ ಎಂಬ ಹಾಡಿನ ಮೇಷ್ಟ್ರು. ಹಲ್ಲಿನ ಡಾಕ್ಟರು ಬಳಸುವ ಪುಟ್ಟ ಕನ್ನಡಿಯನ್ನು ಬಾಯೊಳಗಿಟ್ಟು, ಇನ್ನೊಂದು ಕನ್ನಡಿಯಿಂದ ಬಿಸಿಲು ಬಿಟ್ಟುಕೊಂಡು ತಮ್ಮದೇ ಗಂಟಲನ್ನು ನೋಡಿಕೊಂಡರು. ಹಾಡು ಕಲಿಸುವವರ ಕುತೂಹಲ ಅಂದರೆ ಹೀಗಿರಬೇಕು ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ.

ಶ್ರುತಿಗೆ ವಾಪಸ್ ಬರೋಣ. ಗುಂಪಿನ ನಿಜವಾದ ಪ್ರಶ್ನೆ ಇದು: ಯಾರ ಶ್ರುತಿಗೆ ಹಾಡುವುದು? ನಮ್ಮ ಸಂಗೀತ ಬೆಳೆದದ್ದು ಮುಖ್ಯವಾಗಿ ಒಬ್ಬರೇ ಹಾಡುವ ಕಚೇರಿಯಲ್ಲಿ. ಅವರವರ ಸ ಅವರವರದು. ಗಂಡಸರು ಸಾಮಾನ್ಯವಾಗಿ ಒಂದರಿಂದ ಎರಡು ಮನೆಯ ಶ್ರುತಿ ಇಟ್ಟುಕೊಳ್ಳುತ್ತಾರೆ, ಹೆಂಗಸರು ಐದರಿಂದ ಆರು ಮನೆ. ಇಬ್ಬರ ನಡುವೆ ಹೆಚ್ಚು ಕಡಿಮೆ ‘ಸ’ದಿಂದ ‘ಪ’ವರೆಗಿನಷ್ಟು ದೂರ. ಮೇಡಂ ತಮ್ಮ ಐದು ಮನೆ ಶ್ರುತಿಯಲ್ಲೇ ಪಾಠ ಮಾಡಿದರು ಅನ್ನಿ. ಅದೇ ಎತ್ತರದಲ್ಲಿ ಹಾಡಬೇಕಾದ ಪಿಯುಸಿ ಹುಡುಗರಿಗೆ ಮೇಲಿನ ಸ ಗಗನಕುಸುಮ. ಒಂದು ಸ್ಥಾಯಿ ಕೆಳಗೆ ಹಾಡೋಣ ಅಂದರೆ ಶುರುವಿನ ಸವೇ ಪಾತಾಳದಲ್ಲಿ. ಎರಡೂ ಕಡೆ ಅವರಿಗೆ ನೆಲೆ ಇಲ್ಲ.

ರಾಷ್ಟ್ರಗೀತೆಯಂಥ ಒಂದೇ ಸ್ಥಾಯಿಯ ಹಾಡಾದರೆ ದಾರಿ ಸುಲಭ. ಶ್ರುತಿಯನ್ನು ಒಂದರಿಂದ ಎರಡು ಮನೆಯ ನಡುವೆ ಇಡಿ. ಹುಡುಗಿಯರೂ ಚಿಕ್ಕ ಮಕ್ಕಳೂ ಮೇಲಿನ ಸ್ಥಾಯಿಯಲ್ಲಿ, ದನಿ ಒಡೆದ ಹುಡುಗರು ಅದರ ಕೆಳಗಿನ ಸ್ಥಾಯಿಯಲ್ಲಿ ಹಾಡುತ್ತಾರೆ. ಎಲ್ಲರಿಗೂ ಜಾಗ ಸಿಗುತ್ತದೆ. ಮಂದ್ರದ ‘ಪ’ದಿಂದ ಮೇಲಿನ ‘ಪ’ವರೆಗೆ ಎರಡು ಸ್ಥಾಯಿ ಓಡಾಡುವ ಕೃತಿಗಳಿಗೆ ಈ ಉಪಾಯ ನಡೆಯುವುದಿಲ್ಲ. ಅಂಥದ್ದನ್ನು ದೊಡ್ಡ ಗುಂಪಿಗೆ ಹೇಳಿಕೊಡುವಾಗ ಸಾಲುಗಳನ್ನು ಹಂಚಬೇಕು. ಮೇಲಿನದು ಹುಡುಗಿಯರಿಗೆ, ಕೆಳಗಿನದು ಹುಡುಗರಿಗೆ. ಎಲ್ಲರೂ ಎಲ್ಲವನ್ನೂ ಹಾಡಲೇಬೇಕು ಎಂಬ ಹಟ ಬೇಡ.

ಇಗರ್ಜಿಯ ಕ್ವಾಯರ್‌ಗಳಲ್ಲಿ ಕೇಳುವ ನಾಲ್ಕು ದನಿಯ ಪದ್ಧತಿಯನ್ನು ಇದೇ ಪ್ರಶ್ನೆಗೆ ಕೊಟ್ಟ ಉತ್ತರ ಅಂತ ನೋಡಬಹುದು. ಹೆಣ್ಣು ದನಿಯಲ್ಲಿ ಎತ್ತರದ್ದು ಸೊಪ್ರಾನೊ, ತಗ್ಗಿನದ್ದು ಆಲ್ಟೊ. ಗಂಡು ದನಿಯಲ್ಲಿ ಎತ್ತರದ್ದು ಟೆನರ್, ತಗ್ಗಿನದ್ದು ಬೇಸ್. ನಾಲ್ವರೂ ಒಂದೇ ಸ್ವರ ಹಾಡುವುದಿಲ್ಲ. ಪ್ರತಿಯೊಬ್ಬರಿಗೂ ಅವರ ಗಂಟಲಿಗೆ ಹಿತವಾದ ಜಾಗದಲ್ಲಿ ಬೇರೆ ಬೇರೆ ಸಾಲು ಬರೆದಿರುತ್ತಾರೆ. ಇಲ್ಲಿ ಒಂದು ಮಾತು ಹೇಳಲೇಬೇಕು. ಆಲ್ಟೊ ಅಂದರೆ ಎರಡನೇ ದರ್ಜೆ ಅಲ್ಲ. ‘ನನ್ನನ್ನು ಸೊಪ್ರಾನೊಗೆ ಹಾಕಿ’ ಎಂದು ಅಳುವ ಹುಡುಗಿಯರನ್ನು ನಾನು ನೋಡಿದ್ದೇನೆ. ಯಾವ ಸಾಲಿನಲ್ಲಿ ಒಂದು ಗಂಟೆ ಹಾಡಿದ ಮೇಲೂ ಮಾತು ಎಂದಿನ ಹಾಗೇ ಬರುತ್ತದೋ ಅದೇ ನಿಮ್ಮ ಸಾಲು.

ದನಿ ಒಡೆಯುತ್ತಿರುವ ಹುಡುಗರ ಬಗ್ಗೆ ನನಗೆ ವಿಶೇಷ ಕಾಳಜಿ. ಹನ್ನೆರಡರಿಂದ ಹದಿನೈದರ ಆಚೆ ಈಚೆ ಅವರ ಧ್ವನಿಪೆಟ್ಟಿಗೆ ಬೇಗ ಬೇಗ ಬೆಳೆಯುತ್ತದೆ. ತಂತುಗಳು ಉದ್ದವಾಗಿ, ದಪ್ಪವಾಗಿ, ದನಿ ಸುಮಾರು ಒಂದು ಸ್ಥಾಯಿ ಇಳಿಯುತ್ತದೆ. ಆ ತಿಂಗಳುಗಳಲ್ಲಿ ಐದಾರು ಸ್ವರ ಮಾತ್ರ ನೆಟ್ಟಗೆ ಬರಬಹುದು. ಆಗ ‘ನೀನು ಸುಮ್ನೆ ಬಾಯಿ ಆಡಿಸು’ ಎಂದು ಹೇಳಿದ್ದನ್ನು ಎಷ್ಟೋ ಗಂಡಸರು ಐವತ್ತನೇ ವಯಸ್ಸಿನಲ್ಲೂ ನೆನೆಸಿಕೊಳ್ಳುತ್ತಾರೆ, ಮತ್ತೆಂದೂ ಹಾಡಿರುವುದಿಲ್ಲ. ಆ ಐದು ಸ್ವರಗಳಲ್ಲೇ ಅವನಿಗೊಂದು ಸಾಲು ಕಟ್ಟಿಕೊಡಿ. ಬರೀ ಸ ಹಿಡಿದು ನಿಂತರೂ ಅದು ಗುಂಪಿಗೆ ತಂಬೂರಿಯಾಗುತ್ತದೆ.

ಇನ್ನು ಉಸಿರು. ‘ಹೊಟ್ಟೆಯಿಂದ ಹಾಡು’ ಎಂದು ಎಲ್ಲ ಗುರುಗಳೂ ಹೇಳುತ್ತಾರೆ. ಹೊಟ್ಟೆಯಲ್ಲಿ ಗಾಳಿ ಇರುವುದಿಲ್ಲ, ಅಲ್ವಾ? ವಿಜ್ಞಾನದ ಪಾಠದಲ್ಲಿ ಓದಿದ ವಪೆ ನೆನಪಿರಬಹುದು. ಶ್ವಾಸಕೋಶದ ಕೆಳಗೆ ಕವುಚಿಟ್ಟ ಬೋಗುಣಿಯ ಹಾಗಿರುವ ಸ್ನಾಯು. ಉಸಿರು ಎಳೆದುಕೊಂಡಾಗ ಅದು ಕೆಳಗೆ ಇಳಿಯುತ್ತದೆ. ಕೆಳಗಿರುವ ಕರುಳು, ಜಠರಗಳಿಗೆ ಜಾಗ ಬೇಕಲ್ಲ, ಅದಕ್ಕೆ ಹೊಟ್ಟೆ ಮುಂದೆ ಬರುತ್ತದೆ. ಭುಜ ಏರಿದರೆ ಉಸಿರು ಮೇಲಷ್ಟೇ ತುಂಬಿದೆ, ಕತ್ತು ಬಿಗಿಯಾಗಿದೆ ಎಂದು ಅರ್ಥ. ಹಾಡುವಾಗ ಆ ಉಸಿರನ್ನು ಒಮ್ಮೆಗೇ ಬಿಡದೆ ಸ್ವಲ್ಪ ಸ್ವಲ್ಪವೇ ಕೊಡಬೇಕು. ಹಾರ್ಮೋನಿಯಂನ ತಿದಿ ಒತ್ತುವವರನ್ನು ನೋಡಿ. ಕೈ ಒಂದೇ ಹದದಲ್ಲಿ ಆಡುತ್ತಿದ್ದರೆ ಸ್ವರ ನಿಲ್ಲುತ್ತದೆ. ಜೋರಾಗಿ ಒತ್ತಿದರೆ ಕಿರುಚುತ್ತದೆ. ನಮ್ಮದೂ ಹಾಗೇ.

ಮನೆಯಲ್ಲಿ ಮಾಡುವ ಅಭ್ಯಾಸ: ನಾಲ್ಕು ಎಣಿಸುತ್ತಾ ಉಸಿರು ತೆಗೆದುಕೊಳ್ಳಿ. ‘ಸ್‌ಸ್’ ಎಂದು ಒಂದೇ ಸಮ ಬಿಡಿ. ಮೊದಲು ಹತ್ತು ಎಣಿಕೆ, ವಾರ ಕಳೆದ ಮೇಲೆ ಹದಿನೈದು, ಆಮೇಲೆ ಇಪ್ಪತ್ತು. ಶಬ್ದ ನಡುಗಬಾರದು, ಕೊನೆಯಲ್ಲಿ ಹಿಂಡಬಾರದು. ತಲೆ ಸುತ್ತಿದರೆ ಅವತ್ತಿಗೆ ಸಾಕು.

ಗುಂಪಿನಲ್ಲಿ ಇನ್ನೊಂದು ಅನುಕೂಲವಿದೆ. ಒಬ್ಬರೇ ಹಾಡುವಾಗ ಉಸಿರು ಮುಗಿದರೆ ಸಾಲು ತುಂಡಾಗುತ್ತದೆ. ಇಲ್ಲಿ ಹಾಗಾಗಬೇಕಿಲ್ಲ. ಉದ್ದನೆಯ ಸ್ವರದಲ್ಲಿ ಪಕ್ಕದವರು ಉಸಿರು ತೆಗೆದುಕೊಳ್ಳುವಾಗ ನೀವು ತೆಗೆದುಕೊಳ್ಳಬೇಡಿ. ಸ್ವಲ್ಪ ಮೆಲ್ಲಗಾಗಿ, ಬಿಟ್ಟು, ಉಸಿರು ತುಂಬಿ, ಮತ್ತೆ ಮೆಲ್ಲಗೆ ಸೇರಿಕೊಳ್ಳಿ. ಕೇಳುವವರಿಗೆ ದಾರ ಕಡಿಯುವುದೇ ಇಲ್ಲ. ಎಲ್ಲಿ ಉಸಿರು ಎಂದು ಹಾಡಿನ ಹಾಳೆಯಲ್ಲಿ ಪೆನ್ಸಿಲ್ಲಿನಿಂದ ಗುರುತು ಹಾಕಿಕೊಳ್ಳಿ. ತಾಳ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಆದಿತಾಳದ ಎಂಟು ಎಣಿಕೆಯಲ್ಲಿ ‘ನಾನು ಏಳರ ಮೇಲೆ, ನೀನು ಮೂರರ ಮೇಲೆ’ ಎಂದು ಹಂಚಿಕೊಂಡರೆ ಮುಗಿಯಿತು. ಹಾಡು ಎಳೆದರೆ ಉಸಿರಿಗೂ ಕಷ್ಟ. ರಾಷ್ಟ್ರಗೀತೆಗೆ ಸುಮಾರು 52 ಸೆಕೆಂಡು ಎಂದು ಗೊತ್ತುಮಾಡಿದ್ದಾರೆ. ಪ್ರಾರ್ಥನೆಯಲ್ಲಿ ಅದು ಒಂದು ನಿಮಿಷ ದಾಟಿದರೆ ಪ್ರತಿ ಸಾಲಿನ ಕೊನೆಯೂ ಏದುಸಿರೇ.

ಕೂಗುವುದಕ್ಕೆ ಇನ್ನೊಂದು ಕಾರಣ ಕಿವಿಯಲ್ಲಿದೆ. ಮದುವೆ ಮನೆಯಲ್ಲಿ ವಾಲಗ ಜೋರಾದಾಗ ಮಾತೂ ತಾನಾಗಿ ಜೋರಾಗುತ್ತದೆ. ಫ್ರಾನ್ಸಿನ ಕಿವಿ ಗಂಟಲಿನ ಡಾಕ್ಟರ್ ಎತಿಯೆನ್ ಲೊಂಬಾರ್ 1911ರಲ್ಲಿ ಇದನ್ನು ಗಮನಿಸಿ ಬರೆದರು. ತನ್ನ ದನಿ ತನಗೆ ಕೇಳದಿದ್ದರೆ ಮನುಷ್ಯ ಯೋಚಿಸದೇ ದನಿ ಏರಿಸುತ್ತಾನೆ. ಮೂವತ್ತು ಜನ ಭುಜಕ್ಕೆ ಭುಜ ತಾಗಿಸಿ ನಿಂತ ಗುಂಪಿನಲ್ಲಿ ಆಗುವುದೇ ಇದು. ನನಗೆ ನಾನು ಕೇಳುತ್ತಿಲ್ಲ, ಜೋರು ಮಾಡುತ್ತೇನೆ. ಆಗ ಪಕ್ಕದವಳಿಗೆ ಅವಳು ಕೇಳುವುದಿಲ್ಲ, ಅವಳೂ ಜೋರು ಮಾಡುತ್ತಾಳೆ. ಎರಡು ನಿಮಿಷದಲ್ಲಿ ಎಲ್ಲರೂ ಕೂಗುತ್ತಿರುತ್ತಾರೆ, ಯಾರಿಗೂ ಯಾರೂ ಕೇಳಿಸುವುದಿಲ್ಲ. ಒಬ್ಬರೇ ಹಾಡುವಾಗ ನೋಯದ ಗಂಟಲು ಗುಂಪಿನಲ್ಲಿ ಹಾಡಿ ಬಂದ ಮೇಲೆ ನೋಯುವುದಕ್ಕೆ ಇದು ದೊಡ್ಡ ಕಾರಣ.

ಪರಿಹಾರಕ್ಕೆ ದುಡ್ಡು ಬೇಡ. ಒಬ್ಬರಿಗೊಬ್ಬರು ಒಂದು ಮೊಳ ಬಿಟ್ಟು, ಅರ್ಧಚಂದ್ರದ ಹಾಗೆ ನಿಲ್ಲಿ. ನಿಮ್ಮ ದನಿ ಕೇಳದಿದ್ದರೆ ಜೋರು ಮಾಡುವ ಬದಲು ಅಂಗೈಯನ್ನು ಕಿವಿಯ ಹಿಂದೆ ಬಟ್ಟಲಿನ ಹಾಗೆ ಇಟ್ಟುಕೊಳ್ಳಿ. ಪಕ್ಕದವರ ದನಿ ಕೇಳದಿದ್ದರೆ ನೀವೇ ಜಾಸ್ತಿಯಾಗಿದ್ದೀರಿ. ಹೊಸ ಹಾಡನ್ನು ನಾನು ಮೊದಲ ದಿನ ಗುನುಗುವಷ್ಟೇ ದನಿಯಲ್ಲಿ ಹಾಡಿಸುತ್ತೇನೆ.

ಕಿವಿ ಪಳಗಲು ಸ್ವರಗಳ ನಡುವಿನ ಅಳತೆ ತಿಳಿದಿರಬೇಕು. ಹಾರ್ಮೋನಿಯಂ ಮುಂದೆ ಕೂತು ನೋಡಿ. ಒಂದು ಸದಿಂದ ಮುಂದಿನ ಸಕ್ಕೆ ಕಪ್ಪು, ಬಿಳಿ ಸೇರಿ ಹನ್ನೆರಡು ಮೆಟ್ಟಿಲು. ಶಂಕರಾಭರಣ ರಾಗದಲ್ಲಿ ಸ್ವರದಿಂದ ಸ್ವರಕ್ಕೆ ನಡಿಗೆ ಹೀಗೆ: ಎರಡು, ಎರಡು, ಒಂದು, ಎರಡು, ಎರಡು, ಎರಡು, ಒಂದು. ಪಾಶ್ಚಾತ್ಯರು ಮೇಜರ್ ಸ್ಕೇಲ್ ಎನ್ನುವುದೂ ಇದನ್ನೇ, ಹಿಂದೂಸ್ತಾನಿಯ ಬಿಲಾವಲ್ ಥಾಟೂ ಇದೇ. ಕರ್ನಾಟಕ ಸಂಗೀತದ ಮೊದಲ ಪಾಠವಾದ ಸರಳೆ ವರಸೆ ಕಲಿಯುವ ಮಾಯಾಮಾಳವಗೌಳ ರಾಗದ ನಡಿಗೆ ಬೇರೆ: ಒಂದು, ಮೂರು, ಒಂದು, ಎರಡು, ಒಂದು, ಮೂರು, ಒಂದು. ಕರ್ನಾಟಕ ಸಂಗೀತ ಕಲಿತ ಮಕ್ಕಳು ನಾಲ್ಕು ದನಿಯ ಹಾಡಿಗೆ ಬಂದಾಗ ರಿ ಸ್ವಲ್ಪ ತಗ್ಗಿಗೆ ಬೀಳುವುದು ಈ ಅಭ್ಯಾಸದಿಂದ. ಕಾರಣ ಗೊತ್ತಾದರೆ ಒಂದು ವಾರದಲ್ಲಿ ಸರಿಯಾಗುತ್ತದೆ. ಇನ್ನೊಂದು ಸೂಕ್ಷ್ಮ: ಗುಂಪು ಸಾಮಾನ್ಯವಾಗಿ ಏರುವಾಗ ಮೆಟ್ಟಿಲನ್ನು ಚಿಕ್ಕದು ಮಾಡುತ್ತದೆ, ಇಳಿಯುವಾಗ ದೊಡ್ಡದು ಮಾಡುತ್ತದೆ. ಎರಡೂ ಸೇರಿ ಹಾಡು ಮುಗಿಯುವಾಗ ಶ್ರುತಿ ಇಳಿದಿರುತ್ತದೆ. ಇಳಿಯುವ ಸಾಲಿನಲ್ಲಿ ‘ಚಿಕ್ಕ ಹೆಜ್ಜೆ’ ಎಂದು ನೆನಪಿಸಿದರೆ ಅರ್ಧ ಸಮಸ್ಯೆ ಹೋಗುತ್ತದೆ.

ಹಾಡುವ ಹುಡುಗರಿಗೆ ಬೇಗ ಕಲಿಸಬೇಕೆಂದು ಇಟಲಿಯ ಗುಯಿದೊ ಎಂಬ ಸನ್ಯಾಸಿ 11ನೇ ಶತಮಾನದಲ್ಲಿ ಒಂದು ಸ್ತೋತ್ರದ ಸಾಲುಗಳ ಮೊದಲ ಅಕ್ಷರಗಳನ್ನು ಸ್ವರಗಳಿಗೆ ಹೆಸರಾಗಿ ಇಟ್ಟರು. ಉತ್, ರೇ, ಮಿ, ಫಾ, ಸೋಲ್, ಲಾ. ಉತ್ ಮುಂದೆ ದೋ ಆಯಿತು. ನಮ್ಮ ಮಕ್ಕಳಿಗೆ ಸ ರಿ ಗ ಮ ಆಗಲೇ ನಾಲಿಗೆಯ ಮೇಲಿದೆ. ಸ ಎಲ್ಲಿಟ್ಟರೂ ಅಲ್ಲಿಂದ ಅಳೆಯುವ ಅಭ್ಯಾಸವಿದೆ. ಇದು ದೊಡ್ಡ ಆಸ್ತಿ. ಐದು ಗೆರೆಯ ಪಾಶ್ಚಾತ್ಯ ಲಿಪಿ ಬರದಿದ್ದರೆ ಹೆದರಬೇಕಿಲ್ಲ. ನಿಮ್ಮ ಸಾಲನ್ನು ಮೊದಲು ಸ್ವರದಲ್ಲಿ ಬರೆದುಕೊಳ್ಳಿ, ಆಮೇಲೆ ಗೆರೆಗಳನ್ನು ನೋಡಿ.

ಬೇರೆ ಬೇರೆ ಸ್ವರ ಒಟ್ಟಿಗೆ ಹಾಡಿದರೆ ಯಾಕೆ ಹಿತವಾಗಿರುತ್ತದೆ? ಸ 240 ಇದ್ದರೆ ಶುದ್ಧವಾದ ಗ 300, ಪ 360. ಅಂದರೆ 4, 5, 6ರ ಪ್ರಮಾಣ. ಅಂಕಿಗಳು ಹೀಗೆ ಸರಳವಾಗಿದ್ದಾಗ ಅಲೆಗಳು ಒಂದರೊಳಗೊಂದು ಕೂರುತ್ತವೆ. ಹಾರ್ಮೋನಿಯಂ, ಕೀಬೋರ್ಡುಗಳಲ್ಲಿ ಹನ್ನೆರಡು ಮೆಟ್ಟಿಲನ್ನೂ ಸಮವಾಗಿ ಹಂಚಿರುವುದರಿಂದ ಅಲ್ಲಿನ ಗ 302ರ ಮೇಲಿರುತ್ತದೆ. ಎರಡರ ವ್ಯತ್ಯಾಸ ಏನು ಮಹಾ ಅನ್ನಿಸಬಹುದು. ಹಾಡಿ ನೋಡಿ. ಕೆಲವರು ತಂಬೂರಿ ಆ್ಯಪಿಗೆ ಸ ಹಿಡಿಯಲಿ, ಕೆಲವರು ಪ. ಗ ಹಾಡುವವರು ಮೆಲ್ಲಗೆ ಸೇರಿ ಕೂದಲೆಳೆಯಷ್ಟು ಕೆಳಗೆ ಮೇಲೆ ಸರಿಸಿ ನೋಡಲಿ. ಒಂದು ಜಾಗದಲ್ಲಿ ಅಲುಗಾಟ ನಿಂತು ಕೋಣೆಯೇ ತುಂಬಿದ ಹಾಗಾಗುತ್ತದೆ. ಯಾರೂ ಜೋರು ಮಾಡಿಲ್ಲ, ಆದರೂ ಶಬ್ದ ದೊಡ್ಡದಾಗಿದೆ. ಆ ಕ್ಷಣ ಮಕ್ಕಳ ಮುಖ ನೋಡಬೇಕು.

ಸ್ವರ ಕೂಡಿದರೂ ಅಕ್ಷರ ಕೂಡದಿದ್ದರೆ ಪ್ರಯೋಜನವಿಲ್ಲ. ‘ಹೇ’ ಎನ್ನುವಾಗ ನಗುವವರ ಹಾಗೆ ಬಾಯನ್ನು ಅಕ್ಕಪಕ್ಕಕ್ಕೆ ಎಳೆಯುವುದು ನಮ್ಮ ರೂಢಿ. ಮೇಲಿನ ಸ್ವರದಲ್ಲಿ ಅದು ಚುಚ್ಚುತ್ತದೆ, ಗಂಟಲೂ ಬಿಗಿಯುತ್ತದೆ. ಆಕಳಿಕೆ ಬರುವ ಮುಂಚಿನ ಹಾಗೆ ಒಳಗೆ ಜಾಗ ಮಾಡಿಕೊಂಡು, ಬಾಯನ್ನು ಉದ್ದಕ್ಕೆ ತೆರೆದು ಅದೇ ‘ಹೇ’ ಹಾಡಿ. ಎತ್ತರದ ‘ಇ’ಗೂ ಇದೇ, ಅದನ್ನು ಸ್ವಲ್ಪ ‘ಎ’ ಕಡೆಗೆ ತೆರೆಯಬೇಕು.

ಪ್ರಾಕ್ಟೀಸಿಗೆ ಮೊದಲು ಐದು ನಿಮಿಷ ಗಂಟಲನ್ನು ಬೆಚ್ಚಗೆ ಮಾಡಿಕೊಳ್ಳಿ. ತುಟಿ ಬಿಗಿಯದೆ ‘ಬುರ್ರ್’ ಎಂದು ಸ್ವರ ಏರಿಸಿ ಇಳಿಸಿ. ಬಾಯಿ ಮುಚ್ಚಿ ಗುನುಗಿ. ಅರ್ಧ ಲೋಟ ನೀರಿನಲ್ಲಿ ಸ್ಟ್ರಾ ಇಟ್ಟು ಗುಳ್ಳೆ ಬರುವಂತೆ ‘ಊ’ ಹಾಡುವುದೂ ಒಳ್ಳೆಯದೇ. ಇವೆಲ್ಲದರಲ್ಲಿ ಬಾಯಿ ಅರ್ಧ ಮುಚ್ಚಿರುವುದರಿಂದ ಗಾಳಿ ಸ್ವಲ್ಪ ಹಿಂದಕ್ಕೆ ಒತ್ತುತ್ತದೆ, ತಂತುಗಳು ಮೆತ್ತಗೆ ತಾಗುತ್ತವೆ.

ನೀರಿನ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಕುಡಿದ ನೀರು ಧ್ವನಿತಂತುಗಳಿಗೆ ತಾಗುವುದಿಲ್ಲ. ಅದು ಅನ್ನನಾಳದಲ್ಲಿ ಹೋಗುತ್ತದೆ. ತಂತುಗಳಿಗೆ ತಾಗಿದರೆ ನೆತ್ತಿಗೇರಿ ಕೆಮ್ಮುತ್ತೀರಿ. ಹಾಗಾಗಿ ವೇದಿಕೆ ಹತ್ತುವಾಗ ಗಟಗಟ ಕುಡಿದರೆ ಬಾಯಿ ಒದ್ದೆಯಾಗುತ್ತದೆ ಅಷ್ಟೇ. ಬೆಳಗಿನಿಂದಲೇ ಆಗಾಗ ಕುಡಿಯುತ್ತಿರಬೇಕು. ಬಿಸಿನೀರಿನ ಹಬೆ ಮಾತ್ರ ಉಸಿರಿನ ದಾರಿಯಲ್ಲೇ ಹೋಗಿ ನೇರವಾಗಿ ಮುಟ್ಟುತ್ತದೆ. ಕಲ್ಲುಸಕ್ಕರೆ, ಕಾಳುಮೆಣಸು ಗಂಟಲಿಗೆ ಹಿತ ಕೊಡುತ್ತವೆ, ಆದರೆ ಊದಿದ ತಂತುವನ್ನು ಮುಟ್ಟುವುದಿಲ್ಲ. ಪದೇ ಪದೇ ‘ಹ್ಹಂ’ ಎಂದು ಗಂಟಲು ಸರಿಮಾಡಿಕೊಳ್ಳುವುದನ್ನು ಬಿಡಿ, ಪ್ರತಿ ಸಲವೂ ತಂತುಗಳು ಬಡಿದುಕೊಳ್ಳುತ್ತವೆ. ಒಂದು ಗುಟುಕು ನುಂಗಿ, ಸಾಕು. ದನಿ ಕಟ್ಟಿದಾಗ ಪಿಸುಗುಟ್ಟುವುದೂ ವಿಶ್ರಾಂತಿ ಅಲ್ಲ. ಮೌನವಾಗಿರುವುದೇ ವಿಶ್ರಾಂತಿ.

ಹಾಡುವಾಗ ನೋವಾದರೆ ನಿಲ್ಲಿಸಿ. ದನಿ ಕಟ್ಟಿದ್ದು ಎರಡು ಮೂರು ವಾರವಾದರೂ ಬಿಡದಿದ್ದರೆ ಕಿವಿ ಮೂಗು ಗಂಟಲಿನ ಡಾಕ್ಟರಿಗೆ ತೋರಿಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ದನಿಯ ತೊಂದರೆಗಳಿಗೆ ತಪಾಸಣೆ, ಚಿಕಿತ್ಸೆ ಎರಡೂ ಇದೆ. ಬೇಗ ಗೊತ್ತಾದರೆ ಧ್ವನಿತಂತುವಿನ ಸಣ್ಣ ಗಂಟುಗಳು ಎಷ್ಟೋ ಸಲ ದನಿ ಬಳಸುವ ರೀತಿಯನ್ನು ತಿದ್ದಿಕೊಳ್ಳುವುದರಿಂದಲೇ ಕರಗುತ್ತವೆ.

ನೆಗಡಿಯಾಗಿ ದನಿ ಹೋದ ದಿನ, ಜ್ವರವಿಲ್ಲದಿದ್ದರೆ, ಪ್ರಾಕ್ಟೀಸಿಗೆ ಬನ್ನಿ. ಸ್ವಲ್ಪ ದೂರ ಕೂತುಕೊಳ್ಳಿ, ಹಾಡಬೇಡಿ. ಹಾಳೆ, ಪೆನ್ಸಿಲ್ ತೊಡೆಯ ಮೇಲಿರಲಿ. ತಾಳ ಹಾಕುತ್ತಾ ನಿಮ್ಮ ಸಾಲನ್ನು ಮನಸ್ಸಿನಲ್ಲೇ ಹಾಡಿಕೊಳ್ಳಿ, ಉಳಿದವರ ಸಾಲುಗಳನ್ನು ಕಿವಿಯಿಂದ ಕೇಳಿ. ‘ಜಯ ಹೇ’ ಬಂದಾಗ ಯಾರು ಗದ್ದ ಎತ್ತಿದರು ಎಂದು ಗುರುತು ಹಾಕಿಕೊಂಡು ಕೊನೆಯಲ್ಲಿ ನನಗೆ ಹೇಳಿ.